ಅಂಬಾಸಿಡರ್, ಪದ್ಮಿನಿ ಒಳಗಿನ ಟ್ರಿಮ್ ಸ್ಕ್ರೂಗಳು: ಯಾವ ತೂತಿಗೆ ಯಾವುದು ಎಂದು ಗುರುತಿಸುವ ಪೂರ್ತಿ ವಿಧಾನ

ಬಾಡಿ ಕೆಲಸ ಮುಗಿದಿದೆ, ಪೇಂಟ್ ಒಣಗಿದೆ, ಹೊಸ ಡೋರ್ ಪ್ಯಾಡ್ (ಬಾಗಿಲ ಒಳಬದಿಯ ರೆಕ್ಸಿನ್ ಹಲಗೆ) ಹೊಲಿಸಿ ತಂದಾಗಿದೆ. ಹೆಚ್ಚಿನವರ ಕೆಲಸ ನಿಲ್ಲುವುದು ಇಲ್ಲೇ. ಹಾರ್ಲಿಕ್ಸ್ ಡಬ್ಬಿ ತುಂಬ ಸ್ಕ್ರೂ ಇರುತ್ತವೆ, ಯಾವುದು ಎಲ್ಲಿಯದು ಎಂದು ನೆನಪಿಲ್ಲ. ಕೈಗೆ ಸಿಕ್ಕಿದ್ದನ್ನು ತೂತಿಗಿಟ್ಟು ತಿರುಗಿಸುತ್ತಾರೆ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿ, ನಾಲ್ಕನೆಯದಕ್ಕೆ ಒಳಗಿನ ಥ್ರೆಡ್ ಹೋಯಿತು. ಹೊಸ ಪೇಂಟ್ ಆದ ಗಾಡಿಯಲ್ಲಿ ಆ ತೂತನ್ನು ಮತ್ತೆ ಸರಿ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಇಲ್ಲಿ ಹೇಳುವುದೆಲ್ಲ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯನ್ನು ಮುಂದಿಟ್ಟುಕೊಂಡು. ನಮ್ಮಲ್ಲಿ ಜಾಸ್ತಿ ಜನ ಸರಿ ಮಾಡುತ್ತಿರುವುದು ಇವೆರಡನ್ನೇ. ಎರಡರ ಅಳತೆಯ ಲೆಕ್ಕವೂ ಬೇರೆ ಬೇರೆ. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಹಾಗಾಗಿ ಇಂಚಿನ ಲೆಕ್ಕ. ಪದ್ಮಿನಿ ಮೂಲ ಇಟಲಿಯ ಫಿಯೆಟ್ 1100, ಹಾಗಾಗಿ ಮಿಲಿಮೀಟರ್ ಲೆಕ್ಕ. 1990ರ ದಶಕದಲ್ಲಿ ಇಸುಜು ಎಂಜಿನ್ ಬಂದ ಅಂಬಾಸಿಡರ್ ಆದರೆ ಎರಡೂ ಬೆರೆತಿರುತ್ತವೆ ಎಂದೇ ಅಂದುಕೊಂಡು ಶುರು ಮಾಡಿ.

ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಬಿಚ್ಚಿದಾಗ ಹೊರಬಂದ ಸ್ಕ್ರೂವನ್ನು ನಂಬಬೇಡಿ. ನಲವತ್ತು ವರ್ಷದಲ್ಲಿ ಎಷ್ಟು ಜನ ಮೆಕ್ಯಾನಿಕ್, ಎಷ್ಟು ಜನ ಸೀಟ್ ಕವರ್‌ನವರು ಆ ಗಾಡಿಗೆ ಕೈ ಹಾಕಿರುತ್ತಾರೆ! ತೂತು ಏನು ಹೇಳುತ್ತದೆ, ಅದನ್ನು ಕೇಳಬೇಕು.

ಬೇಕಾಗುವ ಸಾಮಾನು

ಡಿಜಿಟಲ್ ವರ್ನಿಯರ್ ಒಂದು, ಸಾಧಾರಣದ್ದಾದರೂ ಸಾಕು. ಥ್ರೆಡ್‌ಗಳ ಅಂತರ ನೋಡುವ ಥ್ರೆಡ್ ಗೇಜ್ ಎರಡು: ಮಿಲಿಮೀಟರಿನದು ಒಂದು, ಇಂಚಿನದು ಒಂದು. ಸಣ್ಣ ಮ್ಯಾಗ್ನೆಟ್, ಟಾರ್ಚ್, ದಪ್ಪ ರಟ್ಟು, ಜಿಪ್ ಕವರ್, ಮಾರ್ಕರ್ ಪೆನ್.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಅಳತೆ ಖಚಿತವಾಗಿ ಗೊತ್ತಿರುವ ಹೊಸ ನಟ್‌ಗಳು ಮತ್ತು ಅವುಗಳ ಜೋಡಿ ಸ್ಕ್ರೂಗಳು. ಮಿಲಿಮೀಟರಿನ ಎಂ4, ಎಂ5, ಎಂ6, ಇಂಚಿನ 10-32 ಯುಎನ್‌ಎಫ್, ಕಾಲಿಂಚು ಯುಎನ್‌ಎಫ್, ಹಳೆಯ ಇಂಗ್ಲಿಷ್ ಲೆಕ್ಕದ 2ಬಿಎ, 4ಬಿಎ, ಪ್ರತಿಯೊಂದೂ ಎರಡೆರಡು. ಒಂದು ದಾರಕ್ಕೆ ಪೋಣಿಸಿ ಚೀಟಿ ಕಟ್ಟಿಡಿ. ಈ ದಾರ ಇಲ್ಲದೆ ನಾನು ಯಾವ ಗಾಡಿಯ ಹತ್ತಿರವೂ ಹೋಗುವುದಿಲ್ಲ.

ಹಂತ 1: ಬಿಚ್ಚುವ ಮೊದಲು ನಕ್ಷೆ

ಮೊದಲು ಬ್ಯಾಟರಿ ವೈರ್ ತೆಗೆಯಿರಿ. ಡ್ಯಾಶ್ ಬೋರ್ಡ್ ಹಿಂದೆ ಲೋಹದ ಸ್ಕ್ರೂ ಡ್ರೈವರ್ ಆಡಿಸುವಾಗ ಕರೆಂಟ್ ಇರಬಾರದು.

ಆಮೇಲೆ ಪ್ರತಿ ಭಾಗದ ಫೋಟೋ. ದೂರದಿಂದ ಒಂದು, ಪ್ರತಿ ಸ್ಕ್ರೂವಿನ ಹತ್ತಿರದಿಂದ ಒಂದು. ಆಮೇಲೆ ರಟ್ಟಿನ ಮೇಲೆ ಆ ಭಾಗದ ಆಕಾರ ಬರೆಯಿರಿ. ಚಿತ್ರ ಚೆನ್ನಾಗಿರಬೇಕಿಲ್ಲ. ಸ್ಕ್ರೂ ಇದ್ದ ಜಾಗದಲ್ಲೇ ರಟ್ಟಿಗೆ ತೂತು ಮಾಡಿ, ಬಿಚ್ಚಿದ ಸ್ಕ್ರೂವನ್ನು ವಾಷರ್ ಸಮೇತ ಅಲ್ಲೇ ಚುಚ್ಚಿಡಿ. ಡೋರ್ ಪ್ಯಾಡಿಗೆ ಒಂದು ರಟ್ಟು, ಬಾಗಿಲ ಕೆಳಗಿನ ಪಟ್ಟಿಗೆ ಒಂದು, ಹೀಗೆ. ಎಡಗಡೆ, ಬಲಗಡೆ ಎಂದು ದೊಡ್ಡದಾಗಿ ಬರೆಯಿರಿ.

ಈಗಾಗಲೇ ಎಲ್ಲ ಬಿಚ್ಚಿ ಡಬ್ಬಿಗೆ ಸುರಿದಿದ್ದೀರಾ? ಪರವಾಗಿಲ್ಲ, 3ನೇ ಹಂತದಿಂದ ಶುರು ಮಾಡಿ. ಸ್ವಲ್ಪ ತಡವಾಗುತ್ತದೆ ಅಷ್ಟೆ.

ಹಂತ 2: ತಲೆ ಕೆಡಿಸದೆ ಬಿಚ್ಚುವುದು

ಸ್ಕ್ರೂವಿನ ತಲೆ ಕೆಟ್ಟರೆ ಅರ್ಧ ಗುರುತು ಹೋದಂತೆ. ಒಂದು ಗೀಟಿನ ಸ್ಲಾಟ್ ತಲೆಗೆ, ಆ ಗೀಟಿನ ಪೂರ್ತಿ ಅಗಲಕ್ಕೆ ಸರಿಯಾಗಿ ಕೂರುವ ಡ್ರೈವರ್ ಬೇಕು. ಚಿಕ್ಕದು ಹಾಕಿದರೆ ಗೀಟಿನ ಅಂಚು ಕಿತ್ತು ಬರುತ್ತದೆ.

ಪ್ಲಸ್ ತಲೆಯಲ್ಲಿ ಮೂರು ಜಾತಿ ಇವೆ. ಸುಮ್ನೆ ಪ್ಲಸ್ ಇದ್ದರೆ ಫಿಲಿಪ್ಸ್. ಪ್ಲಸ್ ಗೆರೆಗಳ ನಡುವೆ ನಾಲ್ಕು ಸಣ್ಣ ಗೀರು ಇದ್ದರೆ ಪೋಜಿಡ್ರೈವ್. ಒಂದು ಮೂಲೆಯಲ್ಲಿ ಸಣ್ಣ ಚುಕ್ಕೆ ಇದ್ದರೆ ಜಪಾನಿನ ಜೆಐಎಸ್. ಅಂಬಾಸಿಡರ್ ಒಳಗೆ ಚುಕ್ಕೆ ಇರುವ ಸ್ಕ್ರೂ ಸಿಕ್ಕಿದರೆ ಅದು ಬೇರೆ ಯಾವುದೋ ಗಾಡಿಯಿಂದ, ಹೆಚ್ಚಾಗಿ ಮಾರುತಿಯಿಂದ ಬಂದ ನೆಂಟ. ಮಿಲಿಮೀಟರಿನದು, ಪಕ್ಕಕ್ಕಿಡಿ.

ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಮೊದಲು ಒಂಚೂರು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಟಿಕ್ ಎಂದು ಸಣ್ಣ ಸದ್ದು ಬಂದರೆ ತುಕ್ಕು ಬಿಟ್ಟಿತು ಎಂದು ಅರ್ಥ. ರೆಕ್ಸಿನ್ ಹತ್ತಿರ ಬೆಂಕಿ ಹಚ್ಚಿ ಕಾಯಿಸುವ ಯೋಚನೆಯೇ ಬೇಡ.

ಎಚ್ಚರ: ಗಾಜು ಇಳಿಸುವ ಹ್ಯಾಂಡಲ್, ಬಾಗಿಲ ಒಳಗಿನ ಹಿಡಿ ಇವುಗಳಲ್ಲಿ ಸ್ಕ್ರೂ ಕಾಣಿಸದಿದ್ದರೆ ಎಳೆಯಬೇಡಿ. ಪ್ಯಾಡನ್ನು ಒಳಕ್ಕೆ ಒತ್ತಿ ಟಾರ್ಚ್ ಬಿಟ್ಟು ಹಿಂದೆ ನೋಡಿ. ಪಿನ್ ಅಥವಾ ಲಾಳದ ಆಕಾರದ ಕ್ಲಿಪ್ ಇರುತ್ತದೆ. ಡೋರ್ ಪ್ಯಾಡಿನ ಅಂಚಿನಲ್ಲಿ ಸ್ಪ್ರಿಂಗ್ ಕ್ಲಿಪ್ ಇರಬೇಕಾದ ಕಡೆ ಯಾರೋ ಸ್ಕ್ರೂ ಹೊಡೆದಿದ್ದರೆ, ಅದು ಕಂಪನಿಯದಲ್ಲ.

ಹಂತ 3: ಮೊದಲು ಕುಲ ನೋಡಿ

ಅಳತೆಗೆ ಹೋಗುವ ಮೊದಲು ಎಲ್ಲವನ್ನೂ ಹಳೆಯ ಪೇಪರ್ ಮೇಲೆ ಸುರಿದು ಮೂರು ಗುಂಪು ಮಾಡಿ.

ಮೊದಲನೆಯದು ಮೆಷಿನ್ ಸ್ಕ್ರೂ. ಥ್ರೆಡ್ ಸಣ್ಣ, ಒತ್ತೊತ್ತಾಗಿ, ತುದಿ ಚಪ್ಪಟೆ. ನಟ್‌ಗೆ ಅಥವಾ ಥ್ರೆಡ್ ಇರುವ ದಪ್ಪ ಲೋಹಕ್ಕೆ ಹೋಗುವಂಥದ್ದು.

ಎರಡನೆಯದು ಸೆಲ್ಫ್ ಟ್ಯಾಪಿಂಗ್. ಥ್ರೆಡ್ ದೂರ ದೂರ, ಅಂಚು ಚೂಪು, ತಲೆಯ ಬುಡದವರೆಗೂ ಥ್ರೆಡ್. ತಗಡಿಗೆ ಅಥವಾ ತಗಡಿನ ಕ್ಲಿಪ್ಪಿಗೆ ಕಚ್ಚುತ್ತದೆ. ಇದರಲ್ಲೂ ತುದಿ ಮೊನಚಾದದ್ದು, ಮೊಂಡಾದದ್ದು ಎಂದು ಎರಡು ಇವೆ. ಹಿಂದೆ ವೈರ್ ಇರುವ ಕಡೆ ಮೊಂಡು ತುದಿಯದೇ ಬೇಕು.

ಮೂರನೆಯದು ಗಾಡಿಯಲ್ಲಿ ಇರಲೇಬಾರದ ಗುಂಪು. ತಲೆಯ ಕೆಳಗೆ ನುಣುಪಾಗಿದ್ದು ತುದಿಗೆ ಹೋಗುತ್ತಾ ಸಣ್ಣದಾಗುವುದು ಮರದ ಸ್ಕ್ರೂ. ಕಪ್ಪಗಿದ್ದು ತಲೆ ಕಹಳೆಯಂತೆ ಬಾಗಿರುವುದು ಜಿಪ್ಸಂ ಸೀಲಿಂಗ್ ಸ್ಕ್ರೂ. ಈ ಜಿಪ್ಸಂ ಸ್ಕ್ರೂ ಈಗ ಎಲ್ಲ ಕಡೆ ಸಿಗುತ್ತದೆ, ಬೇಗ ಕಚ್ಚುತ್ತದೆ, ಹಾಗಾಗಿ ಎಲ್ಲರೂ ಹಾಕಿಬಿಡುತ್ತಾರೆ. ಆದರೆ ಅದು ಗಡುಸು, ಬಗ್ಗುವುದಿಲ್ಲ, ಗಾಡಿಯ ಅದುರಿಗೆ ತಲೆ ತುಂಡಾಗುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಇಳಿದು ರೆಕ್ಸಿನ್ ಮೇಲೆ ಕಂದು ಗೀಟು ಬೀಳುತ್ತದೆ. ಈ ಗುಂಪನ್ನು ಗುಜರಿಗೆ ಹಾಕಿ. ಅವು ಇದ್ದ ತೂತುಗಳನ್ನು ಮಾತ್ರ ಗುರುತು ಮಾಡಿಡಿ, ಅಲ್ಲಿ ಮುಂದೆ ಕೆಲಸ ಇದೆ.

ಹಂತ 4: ದಪ್ಪ ಮತ್ತು ಥ್ರೆಡ್

ಸೆಲ್ಫ್ ಟ್ಯಾಪಿಂಗ್ ಸುಲಭ. ವರ್ನಿಯರ್‌ನಲ್ಲಿ ಥ್ರೆಡ್ ಮೇಲಿನ ದಪ್ಪ ನೋಡಿ. 2.9 ಮಿ.ಮೀ. ಹತ್ತಿರ ಬಂದರೆ 4 ನಂಬರ್, 3.5 ಆದರೆ 6 ನಂಬರ್, 4.2 ಆದರೆ 8 ನಂಬರ್, 4.8 ಆದರೆ 10 ನಂಬರ್. ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಸಾಕು. 8 ನಂಬರ್ ಬೇರೆ, 8 ಮಿ.ಮೀ. ಬೇರೆ, ಇದನ್ನು ಬೆರೆಸಬೇಡಿ.

ತಲೆನೋವು ಇರುವುದು ಮೆಷಿನ್ ಸ್ಕ್ರೂವಿನಲ್ಲಿ. ಅದರಲ್ಲೂ 5 ಮಿ.ಮೀ. ಆಸುಪಾಸಿನ ಮೂರರಲ್ಲಿ. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

2ಬಿಎ ದಪ್ಪ 4.70 ಮಿ.ಮೀ., ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 0.81. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಮೀಟರ್, ಸ್ವಿಚ್, ಲೈಟ್‌ನಂಥ ಕರೆಂಟ್ ಸಾಮಾನುಗಳಲ್ಲಿ ಈ ಬಿಎ ಲೆಕ್ಕ ನಡೆಯುತ್ತಿತ್ತು. 10-32 ಯುಎನ್‌ಎಫ್ ದಪ್ಪ 4.83, ಥ್ರೆಡ್ ಅಂತರ 0.79. ಇದು ಇಂಚಿನದು, ಹೆಸರಿನಲ್ಲಿರುವ 32 ಎಂದರೆ ಇಂಚಿಗೆ 32 ಥ್ರೆಡ್. ಎಂ5 ದಪ್ಪ 5.00, ಅಂತರ 0.80. ಇದು ಪದ್ಮಿನಿ ಕಡೆಯದು.

ನೋಡಿ, ಮೂರರ ಥ್ರೆಡ್ ಅಂತರ ಹೆಚ್ಚುಕಡಿಮೆ ಒಂದೇ. ಗೇಜ್ ಇಟ್ಟರೆ ಮೂರಕ್ಕೂ ಕೂತಂತೆಯೇ ಕಾಣುತ್ತದೆ. ದಪ್ಪ ಅಳೆದು ತೀರ್ಮಾನ ಮಾಡೋಣ ಎಂದರೆ, ಯಾವ ಸ್ಕ್ರೂವೂ ಹೆಸರಿನಷ್ಟೇ ದಪ್ಪ ಇರುವುದಿಲ್ಲ, ಒಂದು ಕೂದಲೆಳೆ ಕಡಿಮೆಯೇ ಇರುತ್ತದೆ. ಎಂ5 ಸ್ಕ್ರೂ 4.85 ತೋರಿಸಬಹುದು, 10-32 ಸ್ಕ್ರೂ 4.75 ತೋರಿಸಬಹುದು. ಸವೆದಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ನಟ್ ಪರೀಕ್ಷೆ ಮಾಡಿ. ಸ್ಕ್ರೂವನ್ನು ಬ್ರಷ್‌ನಿಂದ ಉಜ್ಜಿ ಸೀಮೆಎಣ್ಣೆ ಅಥವಾ ಥಿನ್ನರ್‌ನಲ್ಲಿ ತೊಳೆಯಿರಿ. ದಾರದಲ್ಲಿರುವ ನಟ್‌ಗಳಲ್ಲಿ ಚಿಕ್ಕದರಿಂದ ಶುರು ಮಾಡಿ. ಮೊದಲು 2ಬಿಎ, ಆಮೇಲೆ 10-32, ಕೊನೆಗೆ ಎಂ5. ಬರಿ ಬೆರಳಲ್ಲಿ ತಿರುಗಿಸಿ, ಸ್ಕ್ರೂವಿನ ಪೂರ್ತಿ ಉದ್ದಕ್ಕೂ ಸಲೀಸಾಗಿ ಓಡುವ ಮೊದಲ ನಟ್ ಯಾವುದೋ ಅದೇ ಅದರ ಅಳತೆ. ದೊಡ್ಡದರಿಂದ ಶುರು ಮಾಡಿದರೆ ಮೋಸ ಹೋಗುತ್ತೀರಿ. 10-32 ಸ್ಕ್ರೂ ಎಂ5 ನಟ್ ಒಳಗೆ ಗಡಗಡ ಅಲ್ಲಾಡುತ್ತಾ ಹೋಗಿಬಿಡುತ್ತದೆ. ನೀವು ಸರಿಯಿದೆ ಅಂದುಕೊಳ್ಳುತ್ತೀರಿ, ಬಿಗಿ ಮಾಡುವಾಗ ಜಾರುತ್ತದೆ.

ಇನ್ನೊಂದು ಗುಂಡಿ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 3/16 ಇಂಚು ಎಂದು ಕೊಡುವ ಸ್ಕ್ರೂ ಸಾಮಾನ್ಯವಾಗಿ ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಥ್ರೆಡ್‌ನದು, ಇಂಚಿಗೆ 24 ಥ್ರೆಡ್. ಅದರ ದಪ್ಪ 4.76 ಮಿ.ಮೀ., ಅಂದರೆ 10-32ಗೆ ಹತ್ತಿರ. ಪೊಟ್ಟಣ ನೋಡಿ, ದಪ್ಪ ನೋಡಿ ತಂದು ತಿರುಗಿಸಿದರೆ ಒಳಗಿನ ಥ್ರೆಡ್ ನೆಲಸಮ. ಇದನ್ನು ಮಾತ್ರ ಕಣ್ಣಲ್ಲೇ ಹಿಡಿಯಬಹುದು. ಎರಡು ಸ್ಕ್ರೂಗಳನ್ನು ಹಲ್ಲಿಗೆ ಹಲ್ಲು ಕೂರುವಂತೆ ಅಂಟಿಸಿ ಬೆಳಕಿಗೆ ಹಿಡಿಯಿರಿ, 24ಕ್ಕೂ 32ಕ್ಕೂ ನಡುವೆ ಬೆಳಕು ಇಣುಕುತ್ತದೆ.

ಕಾಲಿಂಚಿನ ಹತ್ತಿರವೂ ಇದೇ ಕಥೆ. ಕಾಲಿಂಚು ಎಂದರೆ 6.35 ಮಿ.ಮೀ., ಯುಎನ್‌ಎಫ್ ಆದರೆ ಇಂಚಿಗೆ 28 ಥ್ರೆಡ್, ಹಳೆಯ ಇಂಗ್ಲಿಷ್ ಬಿಎಸ್‌ಎಫ್ ಆದರೆ 26. ಎಂ6 ದಪ್ಪ 6 ಮಿ.ಮೀ., ಕಾಲಿಂಚಿನ ನಟ್‌ಗೆ ಅದು ಸಡಿಲವಾಗಿ ಹೊಕ್ಕು ಕೊನೆಯಲ್ಲಿ ಕೈ ಕೊಡುತ್ತದೆ. ಆರು ಮೂಲೆ ತಲೆ ಇದ್ದರೆ ಸ್ಪ್ಯಾನರ್ ಹಾಕಿ ನೋಡಿ. 7/16 ಕೂತರೆ ಸಾಮಾನ್ಯವಾಗಿ ಕಾಲಿಂಚು ಯುಎನ್‌ಎಫ್, 10 ಮಿ.ಮೀ. ಕೂತರೆ ಎಂ6.

ಹಂತ 5: ತೂತನ್ನು ಓದುವುದು

ಇನ್ನು ಗಾಡಿಯ ಹತ್ತಿರ ಬನ್ನಿ. ಟಾರ್ಚ್ ಹಿಡಿದು ತೂತಿನ ಒಳಗೆ ನೋಡಿ. ದಪ್ಪ ಲೋಹಕ್ಕೆ ಥ್ರೆಡ್ ಕೊರೆದಿದೆಯಾ? ಹಿಂದೆ ನಟ್ ವೆಲ್ಡ್ ಮಾಡಿದ್ದಾರಾ? ಬರಿ ತಗಡಿನ ತೂತಾ? ಅಥವಾ ತಗಡಿನ ಅಂಚಿಗೆ ಮಡಚಿ ಸಿಕ್ಕಿಸಿದ ಸ್ಪ್ರಿಂಗ್ ಕ್ಲಿಪ್ ಇದೆಯಾ? ಮೊದಲ ಎರಡಕ್ಕೆ ಮೆಷಿನ್ ಸ್ಕ್ರೂ, ಕೊನೆಯ ಎರಡಕ್ಕೆ ಸಾಮಾನ್ಯವಾಗಿ ಸೆಲ್ಫ್ ಟ್ಯಾಪಿಂಗ್. ಕ್ಲಿಪ್ ತುಕ್ಕು ಹಿಡಿದು ಉದುರಿಹೋಗಿದ್ದರೆ ಬರಿ ದೊಡ್ಡ ತೂತು ಕಾಣುತ್ತದೆ. ಆಗ ಜನ ಆ ತೂತಿಗೆ ಸರಿಯಾಗುವಷ್ಟು ದಪ್ಪ ಸ್ಕ್ರೂ ಹುಡುಕಲು ಹೋಗುತ್ತಾರೆ. ಸ್ಕ್ರೂ ದಪ್ಪ ಆಗಬೇಕಿಲ್ಲ, ಕ್ಲಿಪ್ ವಾಪಸ್ ಬರಬೇಕು.

ಥ್ರೆಡ್ ಇರುವ ತೂತಿಗೆ ನಟ್ ಪರೀಕ್ಷೆಯನ್ನು ತಿರುವು ಮುರುವು ಮಾಡಿ. ಈಗ ದೊಡ್ಡ ಸ್ಕ್ರೂವಿನಿಂದ ಶುರು. ಎಂ5 ಬೆರಳಲ್ಲಿ ಹೋಗದಿದ್ದರೆ 10-32, ಅದೂ ಹೋಗದಿದ್ದರೆ 2ಬಿಎ. ಬೆರಳಿಗಿಂತ ಜಾಸ್ತಿ ಬಲ ಬೇಡವೇ ಬೇಡ. ಮೊದಲು ಪೇಂಟ್, ಪುಟ್ಟಿ ತೂತಿನೊಳಗೆ ಕೂತಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ಬಿಗಿ ಎಂದೇ ತೋರುತ್ತದೆ.

ಹಳೆಯ ಪೇಂಟ್ ಇನ್ನೂ ಇದ್ದರೆ ಅದು ಬಂಗಾರ. ತೂತಿನ ಸುತ್ತ ಬಣ್ಣ ಮಾಸದ ಒಂದು ಉಂಗುರ ಕಾಣುತ್ತದೆ. ಅದರ ಅಗಲ ಅಳೆಯಿರಿ, ಮೊದಲಿದ್ದ ತಲೆಯ ಅಥವಾ ವಾಷರ್‌ನ ಅಗಲ ಅದೇ. ಹಳೆಯ ಡೋರ್ ಪ್ಯಾಡನ್ನು ಬಿಸಾಡುವ ಮೊದಲು ಅದರ ತೂತುಗಳನ್ನೂ ನೋಡಿ. ನನ್ನ ಅಂಬಾಸಿಡರ್ ಪ್ಯಾಡೊಂದರ ಮೂಲೆಯಲ್ಲಿ ಚಪ್ಪಟೆ ತಲೆಯ ಸ್ಕ್ರೂ ಇತ್ತು. ಅದರ ಸುತ್ತ ರೆಕ್ಸಿನ್ ಮೇಲೆ ಬಟ್ಟಲು ಒತ್ತಿದಂಥ ದುಂಡು ಗುರುತು, ಒಳಗೆ ಮೂಲ ಹಸಿರು ಬಣ್ಣ, ಹೊರಗೆ ಬಿಸಿಲಿಗೆ ಬೂದಿಯಾದ ಬಣ್ಣ. ಅಲ್ಲಿ ಮೊದಲು ಕಪ್ ವಾಷರ್ ಇತ್ತು ಎಂದು ಆ ಗುರುತೇ ಹೇಳಿತು. ಇನ್ನು ಮೂರು ಬಾಗಿಲಲ್ಲೂ ಅದೇ ಜಾಗದಲ್ಲಿ ಅದೇ ಗುರುತು ಸಿಕ್ಕಿತು.

ಒಂದು ಕಡೆ ಗೊತ್ತಾಗದಿದ್ದರೆ ಎದುರು ಬದಿಯ ಅದೇ ಜಾಗ ನೋಡಿ. ಡ್ರೈವರ್ ಬಾಗಿಲನ್ನು ಎಲ್ಲರೂ ಬಿಚ್ಚಿರುತ್ತಾರೆ. ಅವನ ಹಿಂದಿನ ಸೀಟಿನ ಬಾಗಿಲಿಗೆ ಅಷ್ಟು ಜನ ಕೈ ಹಾಕಿರುವುದಿಲ್ಲ, ಅಲ್ವಾ?

ಹಂತ 6: ತಲೆಯ ಆಕಾರ

ಒಳಗಿನ ಟ್ರಿಮ್ಮಿನಲ್ಲಿ ಕಣ್ಣಿಗೆ ಕಾಣುವ ಸ್ಕ್ರೂ ಹೆಚ್ಚಾಗಿ ರೈಸ್ಡ್ ಸಿಎಸ್‌ಕೆ. ಅಂದರೆ ಕೆಳಗೆ ಕೋನದಂತೆ ಇಳಿದು, ಮೇಲೆ ಸ್ವಲ್ಪ ಉಬ್ಬಿರುತ್ತದೆ. ಮೇಲೆ ಚಪ್ಪಟೆ ಇದ್ದರೆ ಬರಿ ಸಿಎಸ್‌ಕೆ. ಕೆಳಗೆ ಚಪ್ಪಟೆ ಇದ್ದರೆ ಪ್ಯಾನ್ ಹೆಡ್, ಇದು ಕಾಣದ ಜಾಗಗಳಿಗೆ.

ತಪ್ಪು ಆಗುವುದು ಕೋನದಲ್ಲಿ. ಮಿಲಿಮೀಟರಿನ ಸಿಎಸ್‌ಕೆ ತಲೆ 90 ಡಿಗ್ರಿ, ಯುಎನ್‌ಎಫ್ ತಲೆ 82 ಡಿಗ್ರಿ. ಒಂದರ ಗುಳಿಗೆ ಇನ್ನೊಂದನ್ನು ಹಾಕಿದರೆ ತಲೆ ಪೂರ್ತಿ ಕೂರದೆ ಒಂದು ಅಂಚಿನಲ್ಲಿ ಮಾತ್ರ ಮುಟ್ಟುತ್ತದೆ. ಅಲ್ಯೂಮಿನಿಯಂ ಪಟ್ಟಿ ಆಗಿದ್ದರೆ ಬಿಗಿ ಮಾಡುವಾಗ ಗುಳಿ ಹಿಗ್ಗಿ ಪಟ್ಟಿ ಬಾಗುತ್ತದೆ. ಸ್ಕ್ರೂ ಇಟ್ಟು, ಬಿಗಿ ಮಾಡದೆ, ಉಗುರಿನಿಂದ ತಲೆಯ ಅಂಚು ಸವರಿ ನೋಡಿ. ಸುತ್ತಲೂ ಒಂದೇ ಸಮ ಇರಬೇಕು.

ಕಪ್ ವಾಷರ್ ಇದ್ದ ಕಡೆ ವಾಷರ್ ಮತ್ತು ತಲೆ ಎರಡೂ ಒಂದೇ ನಂಬರಿನದಿರಲಿ. 6 ನಂಬರ್ ಸ್ಕ್ರೂ 8 ನಂಬರ್ ಬಟ್ಟಲಲ್ಲಿ ಮುಳುಗಿಹೋಗುತ್ತದೆ.

ಹಂತ 7: ಲೋಹ ಮತ್ತು ಹೊಳಪು

ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ಕಬ್ಬಿಣ, ಹಿಡಿಯದಿದ್ದರೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್. ಸ್ಟೇನ್‌ಲೆಸ್ ಕೆಲವೊಮ್ಮೆ ಅಲ್ಪಸ್ವಲ್ಪ ಹಿಡಿಯುವುದೂ ಉಂಟು. ಕ್ರೋಮ್ ಹೊಳಪು ನೀಲಿ ಕಡೆಗೆ ವಾಲುತ್ತದೆ, ನಿಕಲ್ ತುಸು ಹಳದಿ, ಸ್ಟೇನ್‌ಲೆಸ್ ಬೂದು. ಪಕ್ಕಪಕ್ಕ ಇಟ್ಟು ಹಗಲು ಬೆಳಕಲ್ಲಿ ನೋಡಿ. ಹಳೆಯ ಸ್ಕ್ರೂಗಳೇ ಚೆನ್ನಾಗಿದ್ದರೆ ಮತ್ತೆ ಪ್ಲೇಟಿಂಗ್ ಮಾಡಿಸಿ, ನನ್ನ ಮಟ್ಟಿಗೆ ಅದೇ ಒಳ್ಳೆಯ ದಾರಿ.

ಹಂತ 8: ಉದ್ದ, ಅಪಾಯ ಇರುವುದು ಇಲ್ಲೇ

ಅಳೆಯುವ ರೀತಿ ತಲೆಗೆ ತಕ್ಕಂತೆ ಬದಲಾಗುತ್ತದೆ. ಪ್ಯಾನ್ ಹೆಡ್ ಆದರೆ ತಲೆಯ ಕೆಳಗಿನಿಂದ ತುದಿವರೆಗೆ. ಸಿಎಸ್‌ಕೆ ಆದರೆ ತಲೆಯೂ ಸೇರಿ. ರೈಸ್ಡ್ ಸಿಎಸ್‌ಕೆ ಆದರೆ ತಲೆಯ ಅಂಚಿನಿಂದ, ಮೇಲಿನ ಉಬ್ಬು ಬಿಟ್ಟು. ಸೆಲ್ಫ್ ಟ್ಯಾಪಿಂಗ್‌ನಲ್ಲಿ 13, 19, 25 ಮಿ.ಮೀ. ಸುಲಭವಾಗಿ ಸಿಗುವ ಉದ್ದಗಳು.

ಎಷ್ಟು ಉದ್ದ ಬೇಕು? ಪ್ಯಾಡ್, ರೆಕ್ಸಿನ್, ವಾಷರ್ ಎಲ್ಲ ಸೇರಿಸಿ ದಪ್ಪ ಅಳೆಯಿರಿ, ತಗಡು ದಾಟಿ ನಾಲ್ಕೈದು ಥ್ರೆಡ್ ಹೊರಗೆ ಬಂದರೆ ಸಾಕು. ಹೊಸ ಪ್ಯಾಡಿನ ಹಲಗೆ ಹಳೆಯದಕ್ಕಿಂತ ದಪ್ಪ ಇರಬಹುದು, ಆಗ ಮೂಲ ಉದ್ದ ಸಾಲುವುದಿಲ್ಲ. ಹೊಸದಾಗಿ ಲೆಕ್ಕ ಹಾಕಬೇಕು.

ಈ ಜಾಗಗಳಲ್ಲಿ ಒಂದು ಮಿ.ಮೀ. ಕೂಡ ಜಾಸ್ತಿ ಬೇಡ. ಬಾಗಿಲ ಮೇಲಂಚು: ಗಾಜು ಇಳಿಯುವಾಗ ತುದಿಗೆ ತಗುಲಿ ಗೀರು ಬೀಳುತ್ತದೆ ಅಥವಾ ಒಡೆಯುತ್ತದೆ. ಗಾಜನ್ನು ಪೂರ್ತಿ ಮೇಲೇರಿಸಿ ಸ್ಕ್ರೂ ಹಾಕಿ, ಆಮೇಲೆ ಕೈಯಿಂದ ಮೆಲ್ಲಗೆ ಕೆಳಗಿಳಿಸಿ ನೋಡಿ. ಬಾಗಿಲ ಕೆಳಗಿನ ಪಟ್ಟಿ ಮತ್ತು ಮುಂದಿನ ಕಂಬ: ಒಳಗೆ ವೈರ್ ಹಾದುಹೋಗಿದೆಯಾ ನೋಡಿ. ಮೊನಚು ತುದಿ ವೈರ್ ಸಿಪ್ಪೆಯನ್ನು ದಿನವೂ ಸ್ವಲ್ಪ ಸ್ವಲ್ಪ ಕೊರೆಯುತ್ತದೆ, ಫ್ಯೂಸ್ ಹೋಗುವುದು ಆರು ತಿಂಗಳ ಮೇಲೆ, ಆಗ ಕಾರಣ ಹೊಳೆಯುವುದಿಲ್ಲ. ಡಿಕ್ಕಿಯ ಹಲಗೆಗಳು: ಪೆಟ್ರೋಲ್ ಟ್ಯಾಂಕ್, ಅದರ ಪೈಪು ಎಲ್ಲಿದೆ ಎಂದು ಕೈ ಹಾಕಿ ಮುಟ್ಟಿ ನೋಡದೆ ಒಂದು ಸ್ಕ್ರೂವನ್ನೂ ಹಾಕಬೇಡಿ.

ಮತ್ತೆ ರೂಫ್. ಸನ್ ವೈಸರ್, ಒಳಗನ್ನಡಿ, ಒಳಗಿನ ಲೈಟ್ ಇವುಗಳ ಸ್ಕ್ರೂ. ನನ್ನ ಗಾಡಿಗೆ ಪೇಂಟ್ ಆದ ಮೇಲೆ ಒಳಗನ್ನಡಿಯನ್ನು ಒಂದು ಗ್ಯಾರೇಜಿನಲ್ಲಿ ಕೂರಿಸಿಕೊಟ್ಟರು. 13 ಮಿ.ಮೀ. ಇರಬೇಕಾದ ಕಡೆ 19 ಹಾಕಿದ್ದರು. ಮನೆಗೆ ತಂದು ತೊಳೆದು ಒರೆಸುವಾಗ ಬಟ್ಟೆಗೆ ಏನೋ ತಡೆಯಿತು. ಗಾಜಿನ ಮೇಲೆ, ರೂಫಿನ ಮುಂದಂಚಿನಲ್ಲಿ, ಹೊಸ ಪೇಂಟ್ ಮೇಲೆ ಮೊಡವೆಯಂಥ ಒಂದು ಉಬ್ಬು. ಒಳಗಿನಿಂದ ಸ್ಕ್ರೂ ತುದಿ ತಗಡನ್ನು ಒತ್ತಿತ್ತು. ಒಂದು ಸ್ಕ್ರೂವಿನಿಂದ ರೂಫನ್ನು ಮತ್ತೆ ಪೇಂಟ್ ಮಾಡಿಸಬೇಕಾಯಿತು. ಅಂದಿನಿಂದ ರೂಫಿನ ಸ್ಕ್ರೂ ಹಾಕುವ ಮೊದಲು ಬೆಂಕಿಕಡ್ಡಿ ತೂರಿಸಿ ಎಷ್ಟು ಆಳ ಇದೆ ಎಂದು ಅಳೆಯುತ್ತೇನೆ. ನೀವೂ ಹಾಗೇ ಮಾಡಿ.

ಹಂತ 9: ತರುವುದು, ಹಾಕುವುದು

ಪಟ್ಟಿ ಹೀಗಿರಲಿ: ಕುಲ, ನಂಬರ್, ಉದ್ದ, ತಲೆ, ಗೀಟು, ಹೊಳಪು, ಎಷ್ಟು. "8 ನಂಬರ್ ಸೆಲ್ಫ್ ಟ್ಯಾಪಿಂಗ್, 19 ಎಂಎಂ, ರೈಸ್ಡ್ ಸಿಎಸ್‌ಕೆ, ಫಿಲಿಪ್ಸ್, ನಿಕಲ್, 24" ಎಂದು ಹೇಳಿದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯವರಾಗಲಿ ನಿಮ್ಮೂರಿನವರಾಗಲಿ ಒಂದೇ ಸಲಕ್ಕೆ ತೆಗೆದುಕೊಡುತ್ತಾರೆ. "ಅಂಬಾಸಿಡರ್ ಡೋರಿನ ಸ್ಕ್ರೂ ಕೊಡಿ" ಎಂದರೆ ಇದ್ದದ್ದನ್ನು ಕೊಡುತ್ತಾರೆ. ಇಂಚಿನದು, ಬಿಎ ಹೊಸದಾಗಿ ಸಿಗುವುದು ಕಷ್ಟ, ಜೆ.ಸಿ. ರಸ್ತೆ ಕಡೆಯ ಹಳೆಯ ಅಂಗಡಿಗಳಲ್ಲಿ, ಗುಜರಿಯಲ್ಲಿ ಹುಡುಕಿ. ದಾರದ ನಟ್ ಜೇಬಿನಲ್ಲಿರಲಿ, ಅಲ್ಲೇ ಹಾಕಿ ನೋಡಿ ಕೊಳ್ಳಿ.

ಹಾಕುವಾಗ ಮೊದಲು ರೂಫ್ ಲೈನಿಂಗ್, ಆಮೇಲೆ ಕಂಬಗಳು, ಡ್ಯಾಶ್, ಡೋರ್ ಪ್ಯಾಡ್, ಕೊನೆಗೆ ಬಾಗಿಲ ಕೆಳಗಿನ ಪಟ್ಟಿ. ಒಂದು ಭಾಗದ ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಹಿಡಿಸಿದ ಮೇಲೆಯೇ ಬಿಗಿ ಮಾಡಿ. ಒಂದನ್ನು ಪೂರ್ತಿ ಬಿಗಿ ಮಾಡಿ ಮುಂದಿನದಕ್ಕೆ ಹೋದರೆ ಕೊನೆಯ ತೂತು ಎದುರಿಗೆ ಬರುವುದೇ ಇಲ್ಲ. ಪವರ್ ಡ್ರಿಲ್‌ನಲ್ಲಿ ಬಿಗಿ ಮಾಡಬೇಡಿ, ಕೈಯಲ್ಲೇ ಮಾಡಿ.

ಹಳೆಯ ತೂತಿಗೆ ಸೆಲ್ಫ್ ಟ್ಯಾಪಿಂಗ್ ಹಾಕುವಾಗ ಮೊದಲು ಸ್ಕ್ರೂವನ್ನು ಎಡಕ್ಕೆ ಒಂದು ಸುತ್ತು ತಿರುಗಿಸಿ. ಹಳೆಯ ಥ್ರೆಡ್ ಬಂದಾಗ ಸಣ್ಣಗೆ ಕುಸಿದಂತೆ ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಿ. ಹೊಸ ತೂತಾದರೆ 8 ನಂಬರಿಗೆ 1 ಮಿ.ಮೀ. ತಗಡಿನಲ್ಲಿ ಸುಮಾರು 3.2 ಮಿ.ಮೀ. ಡ್ರಿಲ್. ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಕ್ರೂ ಮೆದು, ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಆಮೇಲೆ ಅದನ್ನು ಹಾಕಿ. ತುದಿಗೆ ಮೇಣದಬತ್ತಿ ಉಜ್ಜಿದರೆ ಸಲೀಸು. ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳಿಗೆ ಚೂರು ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಬಿಳಿ ಪುಡಿ ಕಟ್ಟಿ ಅಂಟಿಕೊಳ್ಳುತ್ತದೆ.

ತೂತು ಸವೆದು ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ಒಂದು ನಂಬರ್ ದೊಡ್ಡದಕ್ಕೆ ಹೋಗಬೇಡಿ. ತಲೆ ದೊಡ್ಡದಾಗುತ್ತದೆ, ಕಪ್ ವಾಷರ್ ಕೂರುವುದಿಲ್ಲ, ಮುಂದಿನ ಸಲ ಇನ್ನೂ ದೊಡ್ಡದು ಬೇಕಾಗುತ್ತದೆ. ಪೇಂಟ್‌ಗೆ ಮೊದಲೇ ಗೊತ್ತಾದರೆ ವೆಲ್ಡ್ ಮಾಡಿ ಮುಚ್ಚಿಸಿ ಮತ್ತೆ ಕೊರೆಯಿರಿ. ಪೇಂಟ್ ಆಗಿಹೋಗಿದ್ದರೆ, ಅಂಚು ಹತ್ತಿರ ಇದ್ದ ಕಡೆ ಸ್ಪ್ರಿಂಗ್ ಕ್ಲಿಪ್ ಸಿಕ್ಕಿಸಿ.

ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಕೈಯಲ್ಲಿ ಒಮ್ಮೆ ಮುಟ್ಟಿ ನೋಡಿ. ಒಂದೆರಡು ಸಡಿಲಾಗಿರುತ್ತವೆ, ಬಿಗಿ ಮಾಡಿ. ಅದೇ ಸ್ಕ್ರೂ ಎರಡನೇ ಸಲವೂ ಸಡಿಲಾದರೆ ಅಳತೆ ತಪ್ಪಾಗಿದೆ. ಅದನ್ನು ತೆಗೆದು ದಾರದ ನಟ್‌ಗಳ ಹತ್ತಿರ ವಾಪಸ್ ಬನ್ನಿ.